ಗೆರೆ ಹೋಯಿತು, ಮಾತು ಉಳಿಯಿತು



ಈ ಸಲ ಉಪ್ಪಿನಕಾಯಿಯೂ ಇಲ್ಲ, ಹಪ್ಪಳವೂ ಇಲ್ಲ. ಒಂದು ಪುಟ್ಟ ಗೆರೆಯ ವಿಷಯ ಹೇಳ್ತೇನೆ. "ಗೆರೆಯಲ್ಲಿ ಏನು ಮಹಾ ಉಂಟು ಮಾರಾಯ್ತಿ?" ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆ ಗೆರೆ ನಮ್ಮ ಅತ್ತೆಯ ಜೀವದ ಹತ್ತಿರಕ್ಕೆ ಬಂದು ನಿಂತ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ನಮ್ಮದು ಹೂಡೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ನದಿ, ನಡುವೆ ನಾವು. ಮನೆಯವರು ಮಸ್ಕತ್‌ನಲ್ಲಿ, ಮಗ ಕಲಿಯಲು ಹೊರಗೆ, ಮಗಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದದ್ದು ನಾನು ಮತ್ತು ಎಪ್ಪತ್ತೆಂಟು ವರ್ಷದ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ರಾತ್ರಿ ಊಟಕ್ಕೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಬೇಕು, ಆಮೇಲೆ ಡಾಕ್ಟರು ಹೇಳಿದಷ್ಟು ಇನ್ಸುಲಿನ್ ಕೊಡಬೇಕು, ಆಮೇಲೆ ಊಟ. ಇದೆಲ್ಲ ನನ್ನ ಕೈಗೆ ಅಭ್ಯಾಸ. ಬಾಗಿಲು ಹಾಕುವುದು, ದೀಪ ಆರಿಸುವುದು ಹೇಗೋ, ಹಾಗೆ.

ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಲೇಬೇಕಾಯಿತು. ಪಕ್ಕದ ಮನೆಯ ಹುಡುಗಿ, ಪಿಯುಸಿ ಓದುವವಳು, ರಾತ್ರಿ ಅತ್ತೆಯ ಜೊತೆ ಮಲಗಲು ಒಪ್ಪಿದಳು. ಒಳ್ಳೆಯ ಹುಡುಗಿ. ಆದರೆ ಅವಳಿಗೆ ಈ ಔಷಧದ ಗೌಜಿಯೆಲ್ಲ ಹೊಸತು. ಬಾಯಲ್ಲಿ ಹೇಳಿದ್ದು ಮರೆತು ಹೋದೀತು ಅಂತ ನಾನು ಒಂದು ನಕ್ಷೆ ಮಾಡಿದೆ. ಮಗ ಬಿಟ್ಟು ಹೋದ ಲ್ಯಾಪ್‌ಟಾಪ್‌ನಲ್ಲಿ, ಹಾಲಿನ ಲೆಕ್ಕ, ದಿನಸಿ ಲೆಕ್ಕ ಬರೆಯುವ ಅದೇ ಎಕ್ಸೆಲ್ ಹಾಳೆಯ ಮೇಲೆ. ಇಂಥ ನಕ್ಷೆಗೆ ಫ್ಲೋ ಚಾರ್ಟ್ ಅನ್ನುತ್ತಾರೆ. ಚೌಕದಲ್ಲಿ ಮಾಡಬೇಕಾದ ಕೆಲಸ, ವಜ್ರದಲ್ಲಿ ಪ್ರಶ್ನೆ, ಒಂದರಿಂದ ಇನ್ನೊಂದಕ್ಕೆ ಬಾಣದ ಗೆರೆ.

ನನ್ನ ನಕ್ಷೆಯ ನಡುವೆ ಒಂದು ವಜ್ರ: "ಸಕ್ಕರೆ 70ಕ್ಕಿಂತ ಕಡಿಮೆ ಉಂಟಾ?" ಅದರ ಬಲಗಡೆಯ ಗೆರೆಯ ಹತ್ತಿರ "ಹೌದು" ಅಂತ ಬರೆದಿದ್ದೆ. ಆ ಗೆರೆ ಹೋಗುವುದು "ಇನ್ಸುಲಿನ್ ಬೇಡ, ಕೂಡಲೇ ಸಕ್ಕರೆ ನೀರು" ಎಂಬ ಚೌಕಕ್ಕೆ. ಎಡಗಡೆಯ ಗೆರೆಯ ಹತ್ತಿರ "ಇಲ್ಲ". ಅದು ಹೋಗುವುದು "ಇನ್ಸುಲಿನ್, ಆಮೇಲೆ ಊಟ" ಎಂಬ ಚೌಕಕ್ಕೆ. ಎಷ್ಟು ಚೆಂದ ಬಂತು ಅಂದರೆ, ನನಗೇ ಹೆಮ್ಮೆಯಾಯಿತು.

ಹೊರಡುವ ಹಿಂದಿನ ದಿನ, ಡಾಕ್ಟರ ಫೋನ್ ನಂಬರು ಬರೆಯಲೇ ಇಲ್ಲವಲ್ಲ ಅಂತ ನೆನಪಾಯಿತು. ಎಡಗಡೆ ಜಾಗ ಬೇಕು. ವಜ್ರವನ್ನೂ ಕೆಳಗಿನ ಎರಡು ಚೌಕಗಳನ್ನೂ ಒಂದೊಂದಾಗಿ ಬಲಕ್ಕೆ ಎಳೆದೆ. ಗೆರೆಗಳು ಚೌಕಕ್ಕೆ ಅಂಟಿಕೊಂಡಿದ್ದವು, ತಾವಾಗಿಯೇ ಹಿಂದೆ ಬಂದವು. ಆಹಾ, ಎಂಥ ಅನುಕೂಲ! ಖಾಲಿಯಾದ ಜಾಗದಲ್ಲಿ ಫೋನ್ ನಂಬರಿನ ಚೌಕ ಕೂರಿಸಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಪ್ರಿಂಟು ತೆಗೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೊರಟೆ.

ನಾಲ್ಕನೆಯ ರಾತ್ರಿ ಫೋನು ಬಂತು.

"ಆಂಟಿ, ಅಜ್ಜಿಗೆ ಸಕ್ಕರೆ 58 ತೋರಿಸ್ತಾ ಉಂಟು. ಚಾರ್ಟಿನಲ್ಲಿ ಹೌದು ಅಂದರೆ ಇನ್ಸುಲಿನ್ ಕೊಡಿ ಅಂತ ಉಂಟು. ಆದರೆ ಅಜ್ಜಿಯ ಕೈ ನಡುಗ್ತಾ ಉಂಟು, ಹಣೆಯಲ್ಲಿ ಬೆವರು. ಕೊಡುದಾ?"

ನನ್ನ ಎದೆ ಧಸಕ್ಕೆಂದಿತು. "ಬೇಡ ಮಗಾ, ಬೇಡ! ಸೂಜಿ ಕೆಳಗಿಡು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸು" ಅಂದೆ. ಫೋನು ಕೆಳಗಿಡದೆ ಕಾದೆ. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84. ಆಮೇಲೆ ಅತ್ತೆ ಗಂಜಿ ಉಂಡರು. "ನಿನ್ನ ಕಾಗದಕ್ಕಿಂತ ಈ ಹುಡುಗಿಗೇ ಬುದ್ಧಿ ಜಾಸ್ತಿ" ಅಂತ ಫೋನಿನಲ್ಲೇ ನನಗೆ ಸರಿಯಾಗಿ ಹೇಳಿದರು. ಕೇಳಿ ನನಗೆ ಅಳುವೂ ಬಂತು, ನಗುವೂ ಬಂತು.

ಹುಡುಗಿ ನಕ್ಷೆಯ ಫೋಟೋ ಕಳಿಸಿದಳು. ನೋಡಿದರೆ, ವಜ್ರ ಬಲಕ್ಕೆ ಬಂದಿದೆ, ಗೆರೆಗಳೂ ಬಂದಿವೆ. ಆದರೆ ನಾನು ಬರೆದ ಎರಡು ಮಾತು ಮಾತ್ರ ಇದ್ದಲ್ಲೇ ಇವೆ! ಮೊದಲು ಬಲದ ಗೆರೆಯ ಬಳಿ ಇದ್ದ "ಹೌದು" ಈಗ ಎಡದ ಗೆರೆಯ ಮೇಲೆ ಕೂತಿದೆ. "ಇಲ್ಲ" ಎಂಬುದು ಹೊಸ ಫೋನ್ ಚೌಕದ ಅಡಿಗೆ ಸೇರಿ ಕಾಣುತ್ತಲೇ ಇಲ್ಲ. ಬಲದ ಗೆರೆ ಬೋಳು. ಯಾರು ಓದಿದರೂ ಆ ಹುಡುಗಿ ಓದಿದ ಹಾಗೇ ಓದಬೇಕು. ತಪ್ಪು ಅವಳದ್ದಲ್ಲ, ನನ್ನದು.

ಹೀಗೇಕೆ ಆಗುತ್ತದೆ?

ಮಗನನ್ನು ಕೇಳಿದೆ, ಆಮೇಲೆ ನಾನೇ ಕೂತು ನಾಲ್ಕು ಸಲ ಮಾಡಿ ನೋಡಿದೆ. ವಿಷಯ ಇಷ್ಟೇ. ಎಕ್ಸೆಲ್‌ನಲ್ಲಿ ಚೌಕದ ಒಳಗೆ, ವಜ್ರದ ಒಳಗೆ ಅಕ್ಷರ ಬರೆಯಬಹುದು. ಅಲ್ಲಿ ಬರೆದ ಮಾತು ಆ ಆಕಾರದ್ದೇ ಆಗುತ್ತದೆ, ಅದು ಹೋದಲ್ಲಿಗೆ ಹೋಗುತ್ತದೆ. ಆದರೆ ಎರಡು ಚೌಕವನ್ನು ಜೋಡಿಸುವ ಗೆರೆಗೆ, ಅಂದರೆ ಕನೆಕ್ಟರ್‌ಗೆ, ಒಳಗೆ ಜಾಗವಿಲ್ಲ. ಗೆರೆಯ ಮೇಲೆ ಮಾತು ಬೇಕಾದರೆ ಟೆಕ್ಸ್ಟ್ ಬಾಕ್ಸ್ ಎಂಬ ಬೇರೆಯೇ ಚೀಟಿ ಬರೆದು ಗೆರೆಯ ಪಕ್ಕದಲ್ಲಿ ಇಡಬೇಕು. ಕಣ್ಣಿಗೆ ಆ ಚೀಟಿ ಗೆರೆಯದೇ ಅನಿಸುತ್ತದೆ. ಆದರೆ ಯಂತ್ರಕ್ಕೆ ಗೆರೆ ಬೇರೆ, ಚೀಟಿ ಬೇರೆ, ಅವುಗಳೊಳಗೆ ನೆಂಟಸ್ತಿಕೆಯೇ ಇಲ್ಲ.

ನಮ್ಮ ಅಡುಗೆಮನೆಯ ಡಬ್ಬಿಗಳ ಸಂಗತಿ ನೆನಪು ಮಾಡಿಕೊಳ್ಳಿ. ಡಬ್ಬಿಯ ಮೈಗೆ ಚೀಟಿ ಅಂಟಿಸಿದರೆ ಡಬ್ಬಿ ಎಲ್ಲಿಗೆ ಹೋದರೂ ಚೀಟಿ ಜೊತೆಗೆ. ಅದೇ ಚೀಟಿಯನ್ನು ಕಪಾಟಿನ ಹಲಗೆಗೆ ಅಂಟಿಸಿದರೆ? ಧೂಳು ಹೊಡೆಯುವಾಗ ಡಬ್ಬಿಗಳು ಅದಲುಬದಲಾದವು ಅಂದರೆ ಸಕ್ಕರೆಯ ಚೀಟಿಯ ಮುಂದೆ ಉಪ್ಪಿನ ಡಬ್ಬಿ. ಪಾಯಸ ಹಾಳಾದರೆ ನಗಬಹುದು. ಔಷಧದಲ್ಲಿ ನಗುವ ಹಾಗಿಲ್ಲ.

ಒಬ್ಬ ತಾಯಿಯ ಕತೆ

ಇಂಥ ನಕ್ಷೆ ಆಫೀಸಿನವರ, ಕಾರ್ಖಾನೆಯವರ ಸೊತ್ತು, ನಮಗೇಕೆ ಎಂದು ತಿಳಿಯಬೇಡಿ. ಇದರ ಮೂಲದಲ್ಲಿಯೇ ಒಬ್ಬ ಗೃಹಿಣಿ ಇದ್ದಾಳೆ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ಎಂಬ ದಂಪತಿಗಳು 1921ರಲ್ಲಿ ಅಲ್ಲಿಯ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ "ಪ್ರೋಸೆಸ್ ಚಾರ್ಟ್" ಎಂಬುದನ್ನು ಇಟ್ಟರು. ಒಂದು ಕೆಲಸ ಎಲ್ಲಿ ಶುರು, ಯಾವ ಹಂತದಲ್ಲಿ ಏನು, ಎಲ್ಲಿ ಮುಗಿಯಿತು ಎಂಬುದನ್ನು ಗುರುತುಗಳಿಂದ ತೋರಿಸುವ ಕ್ರಮ ಅದು. ಇವತ್ತಿನ ಫ್ಲೋ ಚಾರ್ಟಿಗೆ ಅದೇ ಅಜ್ಜಿ.

ಲಿಲಿಯನ್ ಹನ್ನೆರಡು ಮಕ್ಕಳನ್ನು ಹೆತ್ತವಳು. 1924ರಲ್ಲಿ ಗಂಡ ತೀರಿಕೊಂಡ. ಮನೆ ತುಂಬ ಮಕ್ಕಳು, ಎದುರಿಗೆ ಕಾರ್ಖಾನೆಯ ಕೆಲಸ, ಅದೂ ಹೆಂಗಸೆಂದು ಹಿಂದೆ ಮುಂದೆ ನೋಡುವ ಕಾಲ. ಆಕೆ ತನ್ನ ವಿದ್ಯೆಯನ್ನು ಅಡುಗೆಮನೆಗೂ ತಂದಳು. ಒಲೆ, ನೀರಿನ ತೊಟ್ಟಿ, ಸಾಮಾನಿನ ಕಪಾಟು ಎಲ್ಲಿದ್ದರೆ ಹೆಂಗಸಿಗೆ ಹೆಜ್ಜೆ ಉಳಿಯುತ್ತದೆ ಎಂದು ಅಳೆದು ನೋಡಿದಳು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ, ಫ್ರಿಜ್ಜಿನ ಬಾಗಿಲಿನ ಒಳಗಿನ ಹಲಗೆ, ಇವೆಲ್ಲ ಅವಳ ಹೆಸರಿಗೇ ಸಲ್ಲುತ್ತವೆ. ಯಾವ ಫ್ರಿಜ್ಜಿನ ಬಾಗಿಲಿಗೆ ನಾನು ತಪ್ಪು ನಕ್ಷೆ ಅಂಟಿಸಿದೆನೋ, ಅದರ ಒಳಮೈಯಲ್ಲಿ ಮೊಟ್ಟೆಯೂ ನೀರಿನ ಬಾಟಲಿಯೂ ಆ ತಾಯಿಯ ಬುದ್ಧಿಯಿಂದ ಕೂತಿವೆ ನೋಡಿ! 1972ರಲ್ಲಿ, ತೊಂಬತ್ತು ದಾಟಿದ ಮೇಲೆ ಆಕೆ ತೀರಿಕೊಂಡಳು.

ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಎಂಬ ವಿದ್ವಾಂಸರು ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡಲು ಇಂಥದೇ ಗೆರೆ-ಚೌಕದ ನಕ್ಷೆ ಬಳಸಿದರು. ಅಲ್ಲಿಂದ ಅದು ಎಲ್ಲ ಕಡೆ ಹಬ್ಬಿತು. ಚೌಕದಲ್ಲಿ ಕೆಲಸ ಇರುತ್ತದೆ ನಿಜ. ಆದರೆ ಯಾವ ಕೆಲಸಕ್ಕೆ ಹೋಗಬೇಕೆಂದು ಹೇಳುವುದು ಗೆರೆಯ ಮೇಲಿನ ಮಾತು. ಅದು ತಪ್ಪಿದರೆ ಚೌಕಗಳೆಲ್ಲ ಸರಿ ಇದ್ದೂ ನಕ್ಷೆ ಸುಳ್ಳಾಗುತ್ತದೆ.

ಹೇಗೆ ಮಾಡಬೇಕು?

ನಿಮ್ಮಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆಯುವವರು, ಹಪ್ಪಳ ಸಂಡಿಗೆ ಮಾರುವವರು, ಮಕ್ಕಳ ಕಂಪ್ಯೂಟರಿನಲ್ಲಿ ಕೈಯಾಡಿಸುವವರು ಬೇಕಾದಷ್ಟು ಜನ ಇದ್ದೀರಿ. ನಾನು ಪೆಟ್ಟು ತಿಂದು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

1. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಎಷ್ಟು ಪ್ರಶ್ನೆ, ಎಷ್ಟು ದಾರಿ ಎಂಬುದು ಅಲ್ಲೇ ತೀರ್ಮಾನವಾಗಲಿ. ಅಳತೆ ನೋಡದೆ ಬಟ್ಟೆ ಕತ್ತರಿಸುತ್ತೇವೆಯೇ?

2. ಎಕ್ಸೆಲ್‌ನಲ್ಲಿ ಇನ್ಸರ್ಟ್, ಅದರೊಳಗೆ ಶೇಪ್ಸ್ ಒತ್ತಿ. ಚೌಕ, ವಜ್ರ ಎಲ್ಲ ಅಲ್ಲಿವೆ. ಎಲ್ಲ ಆಕಾರಗಳನ್ನೂ ಅವುಗಳ ಜಾಗದಲ್ಲಿ ಕೂರಿಸಿ ಮಾತು ತುಂಬಿಸಿ. ಫೋನ್ ನಂಬರಿನ ಚೌಕವನ್ನು ಮರೆಯಬೇಡಿ!

3. ಆಮೇಲೆ ಬಾಣದ ಗೆರೆ. ಆಕಾರದ ಅಂಚಿಗೆ ಬಾಣ ತಂದಾಗ ಚಿಕ್ಕ ಚಿಕ್ಕ ಚುಕ್ಕಿ ಕಾಣಿಸುತ್ತವೆ. ಗೆರೆಯ ಎರಡು ತುದಿಯನ್ನೂ ಚುಕ್ಕಿಗೇ ಮುಟ್ಟಿಸಬೇಕು. ರಂಗೋಲಿಯ ಹಾಗೆ, ಚುಕ್ಕಿ ತಪ್ಪಿದರೆ ಗೆರೆ ನಿಲ್ಲುವುದಿಲ್ಲ.

4. ಕೊನೆಗೆ ಮಾತಿನ ಚೀಟಿ. ಇನ್ಸರ್ಟ್‌ನಲ್ಲಿ ಟೆಕ್ಸ್ಟ್ ಬಾಕ್ಸ್ ತೆಗೆದು ಚಿಕ್ಕದಾಗಿ ಎಳೆದು ಬರೆಯಿರಿ. ಚೀಟಿಗೆ ಬಿಳಿ ಬಣ್ಣ ತುಂಬಿ, ಸುತ್ತಿನ ಅಂಚುಗೆರೆ ತೆಗೆಯಿರಿ, ಗೆರೆಯ ಮೇಲೆಯೇ ಇಡಿ. ಆಗ ಗೆರೆ ಮಾತಿನ ಹಿಂದೆ ಹಾದು ಹೋದ ಹಾಗೆ ಕಾಣುತ್ತದೆ, ಈ ಮಾತು ಯಾವ ಗೆರೆಯದ್ದು ಎಂಬ ಸಂಶಯ ಉಳಿಯುವುದಿಲ್ಲ.

5. ಚೀಟಿಯನ್ನು ವಜ್ರದ ಹತ್ತಿರ, ದಾರಿ ಕವಲಾಗುವಲ್ಲಿಯೇ ಇಡಿ. ಉಡುಪಿಯಿಂದ ಹೂಡೆಗೆ ಬರುವವರು ಸಂತೆಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಬೇಕು, ನೇಜಾರು, ಕೆಮ್ಮಣ್ಣು ದಾಟಬೇಕು. ಬೋರ್ಡು ಇರಬೇಕಾದ್ದು ಸಂತೆಕಟ್ಟೆಯಲ್ಲಿ. ಅದನ್ನು ಕೆಮ್ಮಣ್ಣಿನಲ್ಲಿ ನೆಟ್ಟರೆ, ಪಾಪ, ನೆಂಟರು ಬ್ರಹ್ಮಾವರ ಮುಟ್ಟಿರುತ್ತಾರೆ.

6. ಎಲ್ಲ ಸರಿಯಾದ ಮೇಲೆ ಇಡೀ ನಕ್ಷೆಯನ್ನು ಒಂದೇ ಕಟ್ಟು ಮಾಡಿ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಆಕಾರ, ಗೆರೆ, ಚೀಟಿ ಎಲ್ಲವನ್ನೂ ಒಂದೊಂದಾಗಿ ಆರಿಸಿ, ಮೌಸಿನ ಬಲಗುಂಡಿ ಒತ್ತಿ ಗ್ರೂಪ್ ಎಂಬುದನ್ನು ಕೊಡಿ. ಇನ್ನು ಅದರ ಅಂಚು ಹಿಡಿದು ಎಳೆದರೆ ಎಲ್ಲವೂ ಒಟ್ಟಿಗೆ ಬರುತ್ತವೆ. ಆದರೆ ಕಟ್ಟಿನೊಳಗಿನ ಒಂದನ್ನೇ ಒತ್ತಿ ಎಳೆದರೆ ಅದೊಂದೇ ಜಾರಬಹುದು, ಎಚ್ಚರ.

7. ಲೆಕ್ಕದ ಹಾಳೆಯಾದ್ದರಿಂದ ಇನ್ನೊಂದು ಉಪದ್ರ ಉಂಟು. ನಡುವೆ ಹೊಸ ಸಾಲು ಸೇರಿಸಿದರೆ ಚಿತ್ರಗಳೂ ಸರಿಯುತ್ತವೆ, ಹಿಗ್ಗುತ್ತವೆ. ಬಲಗುಂಡಿ ಒತ್ತಿ ಫಾರ್ಮ್ಯಾಟ್ ಶೇಪ್‌ಗೆ ಹೋಗಿ, ಪ್ರಾಪರ್ಟೀಸ್‌ನಲ್ಲಿ ಸಾಲುಗಳ ಜೊತೆ ಸರಿಯದಂತೆ, ಹಿಗ್ಗದಂತೆ ಗುರುತು ಹಾಕಿಡಿ. ಅದಕ್ಕಿಂತ ಒಳ್ಳೆಯದು, ನಕ್ಷೆಗೆ ಬೇರೆ ಹಾಳೆಯನ್ನೇ ಇಡುವುದು. ಹಾಲಿನ ಲೆಕ್ಕದ ಜೊತೆ ಅದಕ್ಕೇನು ಕೆಲಸ?

ಇಂಥ ನಕ್ಷೆ ಹೆಚ್ಚು ಮಾಡುವವರಿಗೆ ಚಿತ್ರಕ್ಕೆಂದೇ ಇರುವ ಸಾಧನಗಳು ಬೇರೆ ಇವೆ. ಲಿಬ್ರೆಆಫೀಸ್ ಡ್ರಾ ಎಂಬುದು ಪುಕ್ಕಟೆ ಸಿಗುತ್ತದೆ. ಅದರಲ್ಲಿ ಗೆರೆಯ ಮೇಲೆ ಎರಡು ಸಲ ಒತ್ತಿ ಮಾತು ಬರೆದರೆ ಮಾತು ಗೆರೆಯದ್ದೇ ಆಗುತ್ತದೆ.

ಕನ್ನಡದಲ್ಲಿ ಟೈಪು ಮಾಡುವುದು ಹೇಗೆ ಎನ್ನುವವರಿಗೆ ಒಂದು ಮಾತು. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ ಬರುವ ಸುಲಭದ ಕೀಲಿಮಣೆ ಉಂಟಲ್ಲ, ಅದನ್ನು ರೂಪಿಸಿದವರು ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು, ಎಲ್ಲರೂ ಕೆ. ಪಿ. ರಾವ್ ಎಂದು ಕರೆಯುವವರು. ಅವರು "ಸೇಡಿಯಾಪು" ಎಂಬ ಕನ್ನಡ ತಂತ್ರಾಂಶವನ್ನು ಮಾಡಿ ಪುಕ್ಕಟೆಯಾಗಿ ಹಂಚಿದರು. ಅಕ್ಷರ ಯೂನಿಕೋಡ್‌ನಲ್ಲಿ ಇರಲಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಅದೇ ಫಾಂಟು ಇಲ್ಲದ ಪ್ರಿಂಟಿನ ಅಂಗಡಿಯಲ್ಲಿ ಅರ್ಥವಾಗದ ಗೀಚುಗಳಾಗಿ ಬರುತ್ತದೆ.

ಗೆರೆಯ ಮೇಲೆ ಏನು ಬರೆಯಬೇಕು?

ಇದು ಯಂತ್ರಕ್ಕಿಂತ ದೊಡ್ಡ ವಿಷಯ. ನಾನು ಮಾಡಿದ ಮೊದಲ ತಪ್ಪು, ಬರೇ "ಹೌದು", "ಇಲ್ಲ" ಎಂದು ಬರೆದದ್ದು. ಅವು ಎಲ್ಲಿ ಬೇಕಾದರೂ ಹೊಂದುವ ಮಾತುಗಳು. ಹಾಗಾಗಿಯೇ ತಪ್ಪು ಜಾಗದಲ್ಲಿ ಕೂತರೂ ತಪ್ಪೆಂದು ಕಾಣುವುದಿಲ್ಲ. ಅದರ ಬದಲು ಒಂದು ಗೆರೆಯ ಮೇಲೆ "70ಕ್ಕಿಂತ ಕಡಿಮೆ", ಇನ್ನೊಂದರ ಮೇಲೆ "70 ಅಥವಾ ಹೆಚ್ಚು" ಎಂದು ಬರೆದಿದ್ದರೆ ಹುಡುಗಿಗೆ ಕೂಡಲೇ ಸಂಶಯ ಬರುತ್ತಿತ್ತು.

ನಮ್ಮ ಮಾತಿನಲ್ಲೂ ಒಂದು ತೊಡಕು ಉಂಟು. "ಊಟ ಆಗಲಿಲ್ವಾ?" ಅಂತ ಕೇಳಿದರೆ ಒಬ್ಬಳು "ಹೌದು, ಆಗಲಿಲ್ಲ" ಅಂತಾಳೆ, ಇನ್ನೊಬ್ಬಳು "ಇಲ್ಲ, ಆಗಲಿಲ್ಲ" ಅಂತಾಳೆ. ಇಬ್ಬರ ಹೊಟ್ಟೆಯೂ ಖಾಲಿಯೇ! ಆದ್ದರಿಂದ ಪ್ರಶ್ನೆಯೊಳಗೆ "ಇಲ್ಲವೇ", "ಆಗಲಿಲ್ಲವೇ" ಬೇಡ. "ಊಟ ಆಯಿತೇ?" ಅಂತ ನೇರ ಕೇಳಿ.

ಕೆಂಪು ಗೆರೆ, ಹಸಿರು ಗೆರೆ ಮಾಡಿದರೆ ಸಾಕಲ್ಲ ಅನ್ನಬೇಡಿ. ಕಪ್ಪುಬಿಳುಪು ಜೆರಾಕ್ಸ್ ತೆಗೆದರೆ ಎರಡೂ ಒಂದೇ. ಬಣ್ಣ ಇರಲಿ, ಮಾತೂ ಇರಲಿ.

ಎಲ್ಲಕ್ಕಿಂತ ಗಟ್ಟಿ ಉಪಾಯ ಇದು. ಗೆರೆಯ ಮೇಲೆ ಬರೆದ ಮಾತನ್ನು, ಗೆರೆ ಹೋಗಿ ಮುಟ್ಟುವ ಚೌಕದ ಒಳಗೂ ಮೊದಲ ಸಾಲಾಗಿ ಬರೆಯಿರಿ. "ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ: ಇನ್ಸುಲಿನ್ ಕೊಡಬೇಡಿ" ಎಂದು ಚೌಕದೊಳಗೇ ಇದ್ದರೆ, ಗೆರೆಯ ಚೀಟಿ ಸಮುದ್ರಕ್ಕೆ ಬಿದ್ದರೂ ಚೌಕ ತನ್ನ ಮಾತು ತಾನೇ ಹೇಳುತ್ತದೆ.

ಕಂಪ್ಯೂಟರ್ ಇಲ್ಲದವರಿಗೂ ಇದೇ ಕ್ರಮ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದರೆ ಸಾಕು. ಅಲ್ಲಿ ಗೆರೆ, ಮಾತು ಎರಡೂ ಒಂದೇ ಶಾಯಿಯಲ್ಲಿ, ಒಂದೇ ಕಾಗದದಲ್ಲಿ. ಒಂದನ್ನು ಬಿಟ್ಟು ಒಂದು ಸರಿಯುವ ಪ್ರಶ್ನೆಯೇ ಇಲ್ಲ. ಬದಲಾಯಿಸಬೇಕಾದರೆ ಹೊಸತು ಬರೆಯಬೇಕು, ಹೊಸತು ಬರೆಯುವಾಗ ಇನ್ನೊಮ್ಮೆ ಓದುತ್ತೇವೆ. ಅದೂ ಒಂದು ಲಾಭವೇ.

ಈಗಿನ ನಕ್ಷೆ

ಊರಿಗೆ ಬಂದ ಮೇಲೆ ಹೊಸ ನಕ್ಷೆ ಮಾಡಿ, ನಮ್ಮ ಡಾಕ್ಟರಿಗೆ ತೋರಿಸಿ, ಆಮೇಲೆ ಅಂಟಿಸಿದೆ. ಅದರ ಮುಖ್ಯ ಭಾಗ ಹೇಳ್ತೇನೆ, ಸಕ್ಕರೆ ಕಾಯಿಲೆಯವರು ಇರುವ ಮನೆಗೆಲ್ಲ ಉಪಯೋಗವಾದೀತು. ಸಕ್ಕರೆ 70ಕ್ಕಿಂತ ಕಡಿಮೆ, ನಡುಕ, ಬೆವರು, ತಲೆ ತಿರುಗುವುದು ಕಂಡರೆ ಕೂಡಲೇ ಹದಿನೈದು ಗ್ರಾಂ, ಅಂದರೆ ಸುಮಾರು ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗಲೂ 70ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಏರಿದ ಮೇಲೆ ಏನಾದರೂ ತಿನ್ನಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ನಿಮ್ಮ ಮನೆಯವರ ಔಷಧದ ಲೆಕ್ಕ ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ ಬರೆಯಿರಿ, ನನ್ನದನ್ನು ನೋಡಿ ಬರೆಯಬೇಡಿ.

ಅಂಟಿಸುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ಪಕ್ಕದ ಮನೆಯ ಹುಡುಗಿಯನ್ನು ಕರೆದು, "ಸಕ್ಕರೆ 60 ಉಂಟು, ಏನು ಮಾಡ್ತೀ? 150 ಉಂಟು, ಏನು ಮಾಡ್ತೀ?" ಅಂತ ಕೇಳಿದೆ. ನಾನು ಬಾಯಿ ಮುಚ್ಚಿ ಕೂತೆ. ಅವಳು ಗೆರೆಯ ಮೇಲೆ ಬೆರಳಿಟ್ಟು ಓದುತ್ತಾ ಹೋದಳು. ಬೆರಳು ಎರಡು ಸಲವೂ ಸರಿಯಾದ ಚೌಕದಲ್ಲೇ ನಿಂತಿತು. ನಕ್ಷೆ ಬರೆದವಳು ತಾನೇ ಓದಿ ನೋಡಿದರೆ ತಪ್ಪು ಕಾಣುವುದಿಲ್ಲ, ಯಾಕೆಂದರೆ ಅವಳು ಓದುವುದು ಕಾಗದವನ್ನಲ್ಲ, ತನ್ನ ತಲೆಯನ್ನು. ಬೇರೆಯವರ ಬೆರಳೇ ಬೇಕು.

ಅತ್ತೆ ಅದನ್ನು ನೋಡುತ್ತಾ ಕೂತಿದ್ದರು. ಕೊನೆಗೆ ಒಂದು ಮಾತು ಹೇಳಿದರು: "ಎಲ್ಲ ಸರಿ ಉಂಟು. ಆದರೆ ಸಂಶಯ ಬಂದರೆ ಫೋನ್ ಮಾಡು ಅಂತ ಎಲ್ಲಿ ಬರೆದಿದ್ದೀ?"

ಬರೆದಿರಲಿಲ್ಲ. ಈಗ ಬರೆದಿದ್ದೇನೆ, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಆ ರಾತ್ರಿ ಅತ್ತೆಯನ್ನು ಉಳಿಸಿದ್ದು ಅದೊಂದೇ ಸಾಲು ತಾನೇ? ಅದು ಕಾಗದದಲ್ಲಿ ಇರಲಿಲ್ಲ, ಹುಡುಗಿಯ ಮನಸ್ಸಿನಲ್ಲಿತ್ತು.

ನಿಮ್ಮ ಮನೆಯ ಫ್ರಿಜ್ಜಿನ ಮೇಲೆ, ಗೋಡೆಯ ಮೇಲೆ ಇಂಥ ಚೀಟಿ, ನಕ್ಷೆ ಏನಾದರೂ ಇದ್ದರೆ ಇವತ್ತೇ ಯಾರ ಕೈಯಲ್ಲಾದರೂ ಬೆರಳಿಟ್ಟು ಓದಿಸಿ ನೋಡಿ. ಏನು ಸಿಕ್ಕಿತೆಂದು ನನಗೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಗೇ ಬರೋಣ, ಭರಣಿಯ ಮೈಗೇ ಚೀಟಿ ಅಂಟಿಸಿ!